ಕೀಲೆಣ್ಣೆಯಿಂದ ಟರ್ಬೊವರೆಗೆ

ಮೈಸೂರಿನಿಂದ ನಂಜನಗೂಡಿನ ಹಾದಿ ಹಿಡಿದವರಿಗೆ ಕಡಕೊಳ ಹೊಸ ಊರಲ್ಲ. ಹಿಂದೆ ಈ ಹಾದಿಯಲ್ಲಿ ಎತ್ತಿನ ಗಾಡಿಗಳು ಸಾಲುಗಟ್ಟಿ ಸಾಗುತ್ತಿದ್ದವು. ಇಂದು ಅದೇ ಕಡಕೊಳ ಅಂಚೆಯ ಬ್ಯಾತಹಳ್ಳಿಯಲ್ಲಿ ಟಿವಿಎಸ್ ಮೋಟಾರ್ ಕಂಪನಿಯ ಕಾರ್ಖಾನೆಯಿದೆ. ಗಾಡಿಗೂ ಮೋಟಾರಿಗೂ ನಡುವೆ ಏನು ಸಂಬಂಧವೆಂದು ಯಾರಾದರೂ ಕೇಳಿದರೆ, ಸಾಹಿತ್ಯದ ಮೇಷ್ಟ್ರಾದ ನನಗೆ ತೋಚುವ ಉತ್ತರ ಒಂದೇ ಪದದ್ದು: ಎಣ್ಣೆ.

ನಮ್ಮ ಗಾಡಿಕಾರರ ಬಳಿ ಕೀಲೆಣ್ಣೆ ಎಂಬ ವಸ್ತುವೊಂದಿತ್ತು. ಹರಳೆಣ್ಣೆಗೆ ಸುಟ್ಟ ಹುಲ್ಲಿನ ಕರಿಯನ್ನು ಬೆರೆಸಿ ಮಾಡಿದ ಆ ಕಪ್ಪು ಜಿಡ್ಡನ್ನು ಬಿದಿರಿನ ಗೊಟ್ಟದಲ್ಲಿ ತುಂಬಿ ಗಾಡಿಯ ಕೆಳಗೆ ತೂಗುಹಾಕುತ್ತಿದ್ದರು. ಅಚ್ಚಿಗೂ ಗಾಲಿಯ ಗುಂಬಕ್ಕೂ ನಡುವೆ ಅದು ಇಲ್ಲದಿದ್ದರೆ ಗಾಲಿ ಕಿರುಗುಟ್ಟುತ್ತಿತ್ತು, ಅಚ್ಚು ಸವೆಯುತ್ತಿತ್ತು, ಎತ್ತು ಬಳಲುತ್ತಿತ್ತು. ಸಂಸ್ಕೃತದಲ್ಲಿ ‘ಸ್ನೇಹ’ ಎಂಬ ಪದಕ್ಕೆ ಎಣ್ಣೆ ಎಂಬ ಅರ್ಥವೂ ಇದೆ, ಒಲವು ಎಂಬ ಅರ್ಥವೂ ಇದೆ. ಒಂದರ ಮೈಗೆ ಒಂದು ಉಜ್ಜಿ ಹಾಳಾಗದಂತೆ ನಡುವೆ ನಿಲ್ಲುವುದೇ ಎರಡರ ಗುಣವೂ ಆಗಿದೆಯಲ್ಲವೆ?

ಈ ಹರಳೆಣ್ಣೆ ನಮ್ಮ ಹಳ್ಳಿಯ ಗಾಡಿಗೇ ನಿಲ್ಲಲಿಲ್ಲ. ಮೊದಲನೆಯ ಮಹಾಯುದ್ಧದ ವಿಮಾನಗಳ ರೋಟರಿ ಎಂಜಿನ್ನುಗಳು ಹರಳೆಣ್ಣೆಯನ್ನೇ ಕುಡಿದು ಹಾರಿದವು. ಇಂಗ್ಲೆಂಡಿನ ವೇಕ್‌ಫೀಲ್ಡ್ ಕಂಪನಿಯು 1909ರಲ್ಲಿ ತನ್ನ ಹೊಸ ಎಣ್ಣೆಗೆ ಕ್ಯಾಸ್ಟ್ರಾಲ್ ಎಂದು ಹೆಸರಿಟ್ಟಿತು. ಹರಳಿನ ಇಂಗ್ಲಿಷ್ ಹೆಸರಾದ ‘ಕ್ಯಾಸ್ಟರ್’ ಅದರೊಳಗೆ ಅಡಗಿದೆ.

ಮೈಸೂರು ನಗರಕ್ಕೆ ಎಂಜಿನ್ನಿನ ಎಣ್ಣೆ ಮನೆಮಾತಾದದ್ದು ಐಡಿಯಲ್ ಜಾವಾ ಕಾರ್ಖಾನೆಯಿಂದ. ಯಾದವಗಿರಿಯಲ್ಲಿ 1961ರಲ್ಲಿ ಮೋಟಾರ್ ಸೈಕಲ್ ತಯಾರಿಕೆ ಆರಂಭವಾಯಿತು. ಚೆಕೊಸ್ಲೊವಾಕಿಯದಿಂದ ಬಂದ ಜಾವಾ ಗಾಡಿ ಮುಂದೆ 1970ರ ದಶಕದಲ್ಲಿ ಯೆಜ್ಡಿ ಎಂಬ ಹೆಸರು ತಳೆಯಿತು. ಇವು ಟೂ ಸ್ಟ್ರೋಕ್ ಗಾಡಿಗಳು. ಎಣ್ಣೆಗೆ ಪ್ರತ್ಯೇಕ ಸಂಪ್ ಇಲ್ಲ. ಪೆಟ್ರೋಲಿನ ಜೊತೆಯಲ್ಲಿಯೇ ಎಣ್ಣೆಯನ್ನು ಬೆರೆಸಿ ಹಾಕಬೇಕು. ಬೆರೆತ ಎಣ್ಣೆ ಪಿಸ್ಟನ್ನಿಗೂ ಬೇರಿಂಗಿಗೂ ಜಿಡ್ಡು ಲೇಪಿಸಿ, ಕೊನೆಗೆ ತಾನೂ ಉರಿದು ಹೊಗೆಯಾಗಿ ಹೊರಬೀಳುತ್ತದೆ. ಇದರಲ್ಲೊಂದು ಸೂಕ್ಷ್ಮವಿದೆ. ದೀರ್ಘ ಇಳಿಜಾರಿನಲ್ಲಿ ಆಕ್ಸಿಲರೇಟರನ್ನು ಪೂರ್ತಿ ಮುಚ್ಚಿ, ಗೇರಿನಲ್ಲಿಯೇ ಗಾಡಿಯನ್ನು ಇಳಿಬಿಟ್ಟರೆ ಎಂಜಿನ್ ವೇಗವಾಗಿ ತಿರುಗುತ್ತಿರುತ್ತದೆ, ಪೆಟ್ರೋಲು ಮಾತ್ರ ಕಡಿಮೆ ಬರುತ್ತದೆ. ಪೆಟ್ರೋಲಿನೊಡನೆ ಎಣ್ಣೆಯೂ ಕಡಿಮೆಯಾಗುತ್ತದೆ. ಪಿಸ್ಟನ್ ಬಿಸಿಯಾಗಿ ಹಿಗ್ಗಿ ಸಿಲಿಂಡರಿನಲ್ಲಿ ಕಚ್ಚಿಕೊಳ್ಳುವ ಅಪಾಯ ಆಗಲೇ. ‘ಎಂಜಿನ್ ಸೀಜ್ ಆಯಿತು’ ಎಂಬ ಮಾತು ಆ ಕಾಲದ ಯುವಕರಿಗೆ ಜ್ವರದಷ್ಟೇ ಪರಿಚಿತವಾಗಿತ್ತು.

1996ರಲ್ಲಿ ಆ ಕಾರ್ಖಾನೆ ಮುಚ್ಚಿತು. ಎಣ್ಣೆಯನ್ನು ಸುಟ್ಟು ಊರಿನ ಗಾಳಿಗೆ ಬಿಡುವ ಪದ್ಧತಿಗೂ ದಿನಗಳು ಮುಗಿಯುತ್ತ ಬಂದಿದ್ದವು. 2018ರಲ್ಲಿ ಜಾವಾ ಎಂಬ ಹೆಸರು ಮತ್ತೆ ಮಾರುಕಟ್ಟೆಗೆ ಬಂದಾಗ ಅದರ ಎಂಜಿನ್ ಫೋರ್ ಸ್ಟ್ರೋಕ್ ಆಗಿತ್ತು. ಇಲ್ಲಿ ಎಣ್ಣೆ ಉರಿಯುವುದಿಲ್ಲ. ಮನೆಯ ನೀರಿನ ಸಂಪಿನಂತೆ ಕೆಳಗೆ ನಿಂತಿದ್ದು, ಪಂಪಿನ ಬಲದಿಂದ ಮೇಲೇರಿ, ಕೆಲಸ ಮುಗಿಸಿ ಮತ್ತೆ ಕೆಳಗಿಳಿಯುತ್ತದೆ. ಹೀಗೆ ಸುತ್ತುವ ಎಣ್ಣೆಗೆ ಎರಡನೆಯ ಉದ್ಯೋಗವೊಂದು ದೊರೆಯಿತು: ಬಿಸಿಯನ್ನು ಹೊರುವ ಉದ್ಯೋಗ. ಟಿವಿಎಸ್ ಸಂಸ್ಥೆ 2016ರಲ್ಲಿ ಹೊರತಂದ ಅಪಾಚೆ 200 ಗಾಡಿಯಲ್ಲಿ ಎಣ್ಣೆಯೇ ಎಂಜಿನ್ನಿನ ತಲೆಯನ್ನು ತಣಿಸುತ್ತದೆ.

ಈ ಎರಡನೆಯ ಉದ್ಯೋಗದ ಮಹತ್ವ ಪೂರ್ಣವಾಗಿ ತಿಳಿಯುವುದು ಟರ್ಬೊ ಕಾರುಗಳಲ್ಲಿ. ಸ್ವಿಟ್ಜರ್ಲೆಂಡಿನ ಆಲ್ಫ್ರೆಡ್ ಬ್ಯೂಕಿ 1905ರಲ್ಲಿಯೇ ಇದರ ಕಲ್ಪನೆಗೆ ಪೇಟೆಂಟ್ ಪಡೆದಿದ್ದ. ಹೊರಹೋಗುವ ಹೊಗೆಯ ರಭಸದಿಂದ ಒಂದು ಚಕ್ರವನ್ನು ತಿರುಗಿಸಿ, ಆ ಚಕ್ರದಿಂದ ಹೆಚ್ಚು ಗಾಳಿಯನ್ನು ಎಂಜಿನ್ನಿಗೆ ಒತ್ತಿ ತುಂಬುವುದು ಇದರ ಉಪಾಯ. ಹೆಚ್ಚು ಗಾಳಿಗೆ ಹೆಚ್ಚು ಇಂಧನ, ಹೆಚ್ಚು ಇಂಧನಕ್ಕೆ ಹೆಚ್ಚು ಶಕ್ತಿ, ಜೊತೆಗೆ ಹೆಚ್ಚು ಬಿಸಿ. ಅಮೆರಿಕದಲ್ಲಿ 1962ರಲ್ಲಿ ಬಂದ ಓಲ್ಡ್ಸ್‌ಮೊಬೈಲ್ ಜೆಟ್‌ಫೈರ್ ಎಂಬ ಟರ್ಬೊ ಕಾರಿನಲ್ಲಿ ಈ ಬಿಸಿಯನ್ನು ತಗ್ಗಿಸಲು ನೀರು, ಮದ್ಯಸಾರಗಳ ಮಿಶ್ರಣವೊಂದನ್ನು ಬೇರೆ ತೊಟ್ಟಿಯಲ್ಲಿ ತುಂಬಬೇಕಿತ್ತು. ಕೊಂಡವರಲ್ಲಿ ಅನೇಕರು ತುಂಬುವುದನ್ನೇ ಮರೆತರು. ಎರಡು ವರ್ಷಕ್ಕೆ ಆ ಕಾರಿನ ಆಟ ಮುಗಿಯಿತು. ಶಕ್ತಿಯನ್ನು ಎಲ್ಲರೂ ಬಯಸುತ್ತಾರೆ, ಅದನ್ನು ತಣಿಸುವ ನಿತ್ಯದ ಕಷ್ಟ ಯಾರಿಗೂ ಬೇಡ.

ಕೈಗಾರಿಕಾ ಪ್ರದೇಶದಲ್ಲಿ ಕೆಲಸ ಮಾಡುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬನನ್ನು ಈ ವಿಷಯದಲ್ಲಿ ಕೇಳಿದೆ. “ಮೇಷ್ಟ್ರೇ, ಎಂಜಿನ್ ನಿಮಿಷಕ್ಕೆ 6000 ಸುತ್ತು ಸುತ್ತಿದರೆ ಒಂದೊಂದು ಸಿಲಿಂಡರಿನಲ್ಲೂ ಸೆಕೆಂಡಿಗೆ 50 ಸಲ ಬೆಂಕಿ ಹೊತ್ತುತ್ತದೆ. ಪಿಸ್ಟನ್ನಿನ ತಲೆಯ ಮೇಲೆ ಬೆಂಕಿ, ಅದು ಅಲ್ಯೂಮಿನಿಯಮ್ಮಿನದು. ಅದನ್ನು ಯಾರು ಕಾಯಬೇಕು?” ಎಂದು ನನ್ನನ್ನೇ ಕೇಳಿದ. ಶುದ್ಧ ಅಲ್ಯೂಮಿನಿಯಮ್ 660 ಡಿಗ್ರಿ ಸೆಲ್ಸಿಯಸ್ಸಿನಲ್ಲಿ ಕರಗುತ್ತದೆ. ಆದರೆ ಕರಗುವ ಬಹಳ ಮುಂಚೆಯೇ ಅದರ ಕಸುವು ಕುಗ್ಗುತ್ತದೆ. ಮೇಲಿನಿಂದ ತಣಿಸಲು ದಾರಿಯಿಲ್ಲ, ಅಲ್ಲಿ ಬೆಂಕಿಯಿದೆ. ಆದ್ದರಿಂದ ಕೆಳಗಿನಿಂದ, ಸಣ್ಣ ಕೊಳವೆಯೊಂದು ಪಿಸ್ಟನ್ನಿನ ಅಡಿಗೆ ಎಣ್ಣೆಯ ಎಳೆಯನ್ನು ಚಿಮ್ಮಿಸುತ್ತದೆ. ಬಿಸಿಯನ್ನು ಹೊತ್ತ ಎಣ್ಣೆ ಸಂಪಿಗೆ ಬೀಳುತ್ತದೆ, ಆಯಿಲ್ ಕೂಲರಿನಲ್ಲಿ ತಣಿದು ಮತ್ತೆ ಬರುತ್ತದೆ. ಎಂಜಿನ್ ಮೆಲ್ಲಗೆ ತಿರುಗುವಾಗ ಎಣ್ಣೆಯ ಒತ್ತಡ ಕಡಿಮೆ. ಬೇರಿಂಗಿನ ಪಾಲು ತಪ್ಪಬಾರದೆಂದು ಆಗ ಈ ಚಿಲುಮೆ ಮುಚ್ಚಿಕೊಂಡಿರುವಂತೆ ಅನೇಕ ಎಂಜಿನ್ನುಗಳಲ್ಲಿ ಸ್ಪ್ರಿಂಗಿನ ಕವಾಟವೊಂದನ್ನು ಇಟ್ಟಿರುತ್ತಾರೆ.

ಇಂದಿನ ಯುವಕರು ಟರ್ಬೊ ಕಾರು ಕೊಂಡು, ಅದರ ಶಕ್ತಿಯನ್ನು ಇನ್ನಷ್ಟು ಏರಿಸಿಕೊಳ್ಳುವ ಹಂಬಲದಲ್ಲಿರುವುದನ್ನು ಬಲ್ಲೆ. ಗಾಳಿಯ ಒತ್ತಡವನ್ನು ಹೆಚ್ಚಿಸುವುದು ಸುಲಭ. ಆದರೆ ಹೆಚ್ಚಿದ ಬಿಸಿಯನ್ನು ಹೊರುವುದು ಹಳೆಯ ಎಣ್ಣೆಯ ಪಂಪೇ ಆಗಿರುತ್ತದೆ. ಚಿಲುಮೆಗಳನ್ನು ಹೊಸದಾಗಿ ಕೂಡಿಸಿದರೆ ಅವೂ ಎಣ್ಣೆ ಬೇಡುತ್ತವೆ; ಪಂಪು ಸಾಲದಿದ್ದರೆ ಪಿಸ್ಟನ್ ಉಳಿದು ಬೇರಿಂಗ್ ಸಾಯುತ್ತದೆ. ಕೂಲರ್ ಸಾಲದಿದ್ದರೆ ಎಣ್ಣೆ ತೀರ ಬಿಸಿಯಾಗಿ ತೆಳುವಾಗುತ್ತದೆ. ತೆಳುವಾದ ಎಣ್ಣೆ ಲೋಹಗಳ ನಡುವೆ ನಿಲ್ಲಲಾರದು. ಟರ್ಬೊ ಚಕ್ರದ ದಂಡವಂತೂ ನಿಮಿಷಕ್ಕೆ ಒಂದು ಲಕ್ಷ ಸುತ್ತು ಮೀರಿ ತಿರುಗಬಲ್ಲದು, ಅದೂ ಎಣ್ಣೆಯ ಪೊರೆಯ ಮೇಲೆಯೇ. ರಭಸದಿಂದ ಓಡಿಸಿ ಬಂದು ತಟ್ಟನೆ ಎಂಜಿನ್ ನಿಲ್ಲಿಸಿದರೆ ಅಲ್ಲಿ ಉಳಿದ ಎಣ್ಣೆ ಸುಟ್ಟು ಕರಿಗಟ್ಟುತ್ತದೆ. ಒಂದು ನಿಮಿಷ ಸುಮ್ಮನೆ ತಿರುಗಲು ಬಿಟ್ಟು ಆಮೇಲೆ ನಿಲ್ಲಿಸಬೇಕೆಂದು ಹಳಬರು ಹೇಳುವುದು ಬರಿಯ ಸಂಪ್ರದಾಯವಲ್ಲ.

2024ರ ಮಾರ್ಚ್ 20ರಂದು ಮೈಸೂರಿನ ಬಿಇಎಂಎಲ್ ಎಂಜಿನ್ ವಿಭಾಗದಲ್ಲಿ ಯುದ್ಧಟ್ಯಾಂಕಿಗಾಗಿ ದೇಶದಲ್ಲಿಯೇ ರೂಪಿಸಿದ 1500 ಅಶ್ವಶಕ್ತಿಯ ಎಂಜಿನ್ನನ್ನು ಮೊದಲ ಬಾರಿಗೆ ಚಾಲನೆಗೊಳಿಸಿ ಪರೀಕ್ಷಿಸಿದರು. ಪತ್ರಿಕೆಗಳು ಅಶ್ವಶಕ್ತಿಯನ್ನು ದಪ್ಪಕ್ಷರದಲ್ಲಿ ಅಚ್ಚುಮಾಡಿದವು, ಅದು ಸಹಜ. ಇತಿಹಾಸಕಾರರೂ ಹೀಗೆಯೇ, ಗೆದ್ದ ಕುದುರೆಯ ಹೆಸರು ಬರೆಯುತ್ತಾರೆ, ಲಾಯದವನ ಹೆಸರು ಬರೆಯುವುದಿಲ್ಲ. ಆದರೆ ಯಂತ್ರದ ಚರಿತ್ರೆಯನ್ನು ವೇಗದ ಚರಿತ್ರೆಯೆಂದು ಮಾತ್ರ ಓದಿದರೆ ಅರ್ಧ ಓದಿದಂತೆ. ಶಕ್ತಿ ಎಷ್ಟು ಹುಟ್ಟಿತೆಂಬುದು ಒಂದು ಪ್ರಶ್ನೆ. ಹುಟ್ಟಿದ ಬಿಸಿಯನ್ನು ಯಾರು ಹೊತ್ತರೆಂಬುದು ಇನ್ನೊಂದು. ಎರಡನೆಯದನ್ನು ಕೇಳದೆ ಹೊರಟ ಗಾಡಿ, ಎತ್ತಿನದಾಗಲಿ ಟರ್ಬೊವಿನದಾಗಲಿ, ಬಹುದೂರ ಹೋಗುವುದಿಲ್ಲ.