ಮಡಿವಾಳಪ್ಪನವರ ಪದಗಳು: ಕಂಠದಿಂದ ಗ್ರಂಥಕ್ಕೆ

ಕವಿಯು ಕಾಲವಾದರೆ ಅವನ ಕಾವ್ಯವು ಓಲೆಗರಿಗಳಲ್ಲಿಯಾದರೂ ಉಳಿದುಕೊಳ್ಳುವದು. ಶಿಲ್ಪಿಯು ಕಾಲವಾದರೆ ಅವನು ಕಂಡರಿಸಿದ ಶಿಲೆಯು ದೇಗುಲದಲ್ಲಿ ನಿಂತೇ ಇರುವದು. ಆದರೆ ಹಾಡುವವನು ಕಣ್ಣು ಮುಚ್ಚಿದ ಮೇಲೆ ಅವನ ಹಾಡಿಗೆ ಯಾರು ದಿಕ್ಕು? ಅವನ ಪದಗಳನ್ನು ಕೂಡಿಸಿ ಸಂಗ್ರಹ ಮಾಡುವವರು ನಮಗೆ ಕೊಡುವದು ಅವನು ಹಾಡಿದುದನ್ನೋ, ತಾವು ಕೇಳಿದುದನ್ನೋ? ಈ ಪ್ರಶ್ನೆಯು ಮೇಲುನೋಟಕ್ಕೆ ಪಂಡಿತರ ಚರ್ಚೆಗೆ ಮಾತ್ರ ತಕ್ಕುದೆಂದು ತೋರಬಹುದು. ಆದರೆ ಆಳಂದ, ಅಫಜಲಪುರ, ಜೇವರ್ಗಿ ಸೀಮೆಗಳ ನಮಗೆ ಇದು ಮನೆಯ ಪ್ರಶ್ನೆಯಾಗಿದೆ. ಈ ಸೀಮೆಯ ಹಿರಿಯ ಹಾಡುಗಾರರಾದ ಕಡಕೋಳದ ಮಡಿವಾಳಪ್ಪನವರ ಪದಗಳಲ್ಲಿ ಇಂದು ಅಚ್ಚಿನಲ್ಲಿ ದೊರೆಯುವದೆಲ್ಲವೂ ಅವರ ಮರಣಾನಂತರ ಇತರರು ಕೂಡಿಸಿದುದೇ.

ಆಳಂದ ಸೀಮೆಯಲ್ಲಿ ಹರಿಯುವ ಅಮರ್ಜಾ ನದಿಯು ಅಫಜಲಪುರ ತಾಲೂಕಿನ ಗಾಣಗಾಪುರದ ಬಳಿ ಭೀಮೆಯನ್ನು ಕೂಡುವದು. ಭೀಮೆಯು ಅಲ್ಲಿಂದ ಮುಂದೆ ಜೇವರ್ಗಿಯ ಸೀಮೆಗೆ ಸಾಗುವಳು. ಮೂರೂ ತಾಲೂಕುಗಳನ್ನು ಹೀಗೆ ಪೋಣಿಸಿದ ನೀರಿನ ದಾರಿಯಲ್ಲಿಯೇ ತತ್ವಪದಗಳೂ ಊರಿಂದೂರಿಗೆ ಹರಿದಿವೆ. ಮಡಿವಾಳಪ್ಪನವರು ಹದಿನೆಂಟನೆಯ ಶತಮಾನದ ಉತ್ತರಾರ್ಧದಲ್ಲಿ ಅಫಜಲಪುರ ತಾಲೂಕಿನ ಬಿದನೂರಿನಲ್ಲಿ ಜನಿಸಿದರು. ಹತ್ತೊಂಬತ್ತನೆಯ ಶತಮಾನದ ನಡುಭಾಗದ ವರೆಗೆ ಬಾಳಿದರು. ಅವರು ನೆಲೆಸಿದ ಕಡಕೋಳವು ಬಹುಕಾಲ ಜೇವರ್ಗಿ ತಾಲೂಕಿನಲ್ಲಿದ್ದು, ಈಗ ಅದರಿಂದ ಬೇರ್ಪಟ್ಟ ಯಡ್ರಾಮಿ ತಾಲೂಕಿಗೆ ಸೇರಿದೆ. ತಾಯಿ ಗಂಗಮ್ಮನವರು ವಿಧವೆಯಾಗಿದ್ದರೆಂದೂ, ಆ ಕಾರಣದಿಂದ ಮಗನು ಮಠಮಾನ್ಯರಿಂದ ತಿರಸ್ಕಾರವನ್ನು ಉಣ್ಣಬೇಕಾಯಿತೆಂದೂ ಜನಶ್ರುತಿಯುಂಟು. ಕುಲದ ಹಮ್ಮನ್ನೂ ವೇಷದ ಭಕ್ತಿಯನ್ನೂ ಅವರ ಪದಗಳು ಎಷ್ಟು ನಿಷ್ಠುರವಾಗಿ ತಿವಿಯುವವೆಂಬುದನ್ನು ಬಲ್ಲವರಿಗೆ ಈ ಜನಶ್ರುತಿಯು ಅಸಂಗತವೆನಿಸಲಾರದು. ಅವರ ಶಿಷ್ಯರಲ್ಲಿ ಖೈನೂರ ಕೃಷ್ಣಪ್ಪ, ಚೆನ್ನೂರ ಜಲಾಲಸಾಹೇಬ, ತೆಲಗಬಾಳ ರೇವಪ್ಪ, ಕಡ್ಲೇವಾಡದ ಸಿದ್ದಪ್ಪ ಮೊದಲಾದವರು ತಾವೂ ಪದಗಳನ್ನು ಕಟ್ಟಿ ಹಾಡಿದರು. ಆಳಂದದ ಲಾಡ್ಲೇ ಮಶಾಯಕರ ದರ್ಗೆಗೆ ಎರಡೂ ಮತದವರು ನಡೆದುಕೊಳ್ಳುವಂಥ ಈ ನಾಡಿನಲ್ಲಿ, ಒಬ್ಬ ಗುರುವಿನ ಅಂಗಳದಲ್ಲಿ ಕೃಷ್ಣಪ್ಪನೂ ಜಲಾಲಸಾಹೇಬನೂ ಕೂಡಿ ಕುಳಿತುದು ಆಶ್ಚರ್ಯವೇನೂ ಅಲ್ಲ.

ಈ ಪದಗಳು ಕಾಗದವನ್ನು ಹೆಚ್ಚಾಗಿ ಆಶ್ರಯಿಸದೆ ಜನರ ನಾಲಗೆಯಲ್ಲಿಯೇ ಉಳಿದುದಕ್ಕೆ ಐತಿಹಾಸಿಕ ಕಾರಣವೂ ಇದೆ. 1948ರ ಸೆಪ್ಟೆಂಬರಿನ ವರೆಗೆ ಈ ಪ್ರದೇಶವು ನಿಜಾಮರ ಆಳಿಕೆಯಲ್ಲಿತ್ತು. ಕಚೇರಿಯಲ್ಲಿ ಮೊದಲು ಪಾರಸಿ, ಆಮೇಲೆ ಉರ್ದು. ಕನ್ನಡ ಶಾಲೆಗಳು ವಿರಳ, ಕನ್ನಡ ಮುದ್ರಣಾಲಯಗಳು ಇನ್ನೂ ವಿರಳ. ಅಕ್ಷರವು ದೂರವಾಗಿದ್ದ ಜನಕ್ಕೆ ಭಜನೆಯೇ ಪಾಠಶಾಲೆಯಾಯಿತು. ಏಕತಾರಿ, ತಾಳ, ದಮ್ಮಡಿಗಳೊಡನೆ ಒಬ್ಬನು ಪಲ್ಲವನ್ನು ಎತ್ತಿಕೊಡುವನು, ಉಳಿದವರು ಹಿಮ್ಮೇಳವಾಗಿ ಅದನ್ನು ತಿರುಗಿ ಹಾಡುವರು. ನುಡಿ ಮುಗಿದಂತೆ ಪಲ್ಲವು ಮತ್ತೆ ಮತ್ತೆ ಬರುವದು. ಹೀಗೆ ಒಂದು ರಾತ್ರಿಯಲ್ಲಿ ಒಂದು ಪದವು ಹತ್ತು ಜನರಿಗೆ ಬಾಯಿಪಾಠವಾಗುವದು. ಅಮವಾಸ್ಯೆಯ ರಾತ್ರಿಗಳಲ್ಲಿ ಮಾತ್ರವೇ ಅಲ್ಲ, ಊರಲ್ಲಿ ಯಾರಾದರೂ ತೀರಿಕೊಂಡರೆ ಶವದ ಮುಂದೆ ಬೆಳಗಾಗುವ ವರೆಗೆ ಪದಗಳನ್ನು ಹಾಡುವ ವಾಡಿಕೆಯು ಉತ್ತರ ಕರ್ನಾಟಕದಲ್ಲಿ ಇಂದಿಗೂ ಇದೆ. ಎಂದೋ ಗತಿಸಿದ ಹಾಡುಗಾರನ ಪದವು ಈಗ ಗತಿಸಿದವನ ಮುಂದೆ ಮತ್ತೆ ಎದ್ದು ನಿಲ್ಲುವದು. ಪ್ರತಿಯೊಂದು ಮರಣವೂ ಅದರ ಒಂದು ಪುನರಾವೃತ್ತಿ.

ಹೊರಗಿನ ಜಗತ್ತಿನಲ್ಲಿ ಇದೇ ಕಾರ್ಯವನ್ನು ಕಳೆದ ಶತಮಾನದಿಂದ ಯಂತ್ರವು ಮಾಡುತ್ತ ಬಂದಿದೆ. 1902ರ ನವೆಂಬರ ತಿಂಗಳಲ್ಲಿ ಕಲಕತ್ತೆಯಲ್ಲಿ ಗೌಹರ ಜಾನಳು ಗ್ರಾಮೋಫೋನಿನ ತಟ್ಟೆಗಾಗಿ ಹಾಡಿದಳು. ಮುಂದೆ ಮೈಸೂರಿನ ಅರಮನೆಯ ಆಶ್ರಯವನ್ನು ಪಡೆದು 1930ರ ಜನವರಿಯಲ್ಲಿ ಆ ನಗರದಲ್ಲಿಯೇ ತೀರಿಕೊಂಡಳು. ಹಾಡು ಮುಗಿದೊಡನೆ ಅವಳು ತನ್ನ ಹೆಸರನ್ನು ಗಟ್ಟಿಯಾಗಿ ಹೇಳುತ್ತಿದ್ದಳು. ಆ ಮುದ್ರಿಕೆಯಿಂದ ತಟ್ಟೆಗಳನ್ನು ಒತ್ತುತ್ತಿದ್ದುದು ಜರ್ಮನಿಯ ಹಾನೋವರದಲ್ಲಿ. ಭಾಷೆಯನ್ನರಿಯದ ಅಲ್ಲಿಯ ಕೆಲಸಗಾರರಿಗೆ ಇದು ಯಾರ ಹಾಡೆಂದು ತಿಳಿಯಲಿ ಎಂಬುದೇ ಅದರ ಉದ್ದೇಶ. ಅಂದಿನ ತಟ್ಟೆಯ ಒಂದು ಬದಿಯಲ್ಲಿ ಮೂರು ಮೂರೂವರೆ ನಿಮಿಷಗಳ ಹಾಡು ಮಾತ್ರ ಹಿಡಿಸುತ್ತಿತ್ತು. 1948ರಲ್ಲಿ ಬದಿಗೆ ಇಪ್ಪತ್ತು ನಿಮಿಷಗಳಿಗೂ ಮಿಕ್ಕು ಹಾಡಬಲ್ಲ ದೊಡ್ಡ ತಟ್ಟೆಯು ಬಳಕೆಗೆ ಬಂದ ಮೇಲೆ, ತೀರಿಹೋದ ಗಾಯಕರ ಹತ್ತಾರು ಬಿಡಿ ತಟ್ಟೆಗಳನ್ನು ಒಂದೆಡೆ ಕೂಡಿಸಿ ಹೊರತರುವದು ಸುಲಭವಾಯಿತು. ದಕ್ಷಿಣ ಅಮೆರಿಕದ ಆರ್ಜೆಂಟೀನದಲ್ಲಿ ಟ್ಯಾಂಗೋ ಹಾಡುಗಳ ಒಡೆಯನೆನಿಸಿದ ಕಾರ್ಲೋಸ್ ಗಾರ್ಡೆಲ್ಲನು 1935ರ ಜೂನ 24 ರಂದು ಕೊಲಂಬಿಯದ ಮೆಡೆಲಿನ್ನಿನಲ್ಲಿ ವಿಮಾನದ ಅಪಘಾತದಲ್ಲಿ ಮಡಿದನು. ಅವನ ಹಾಡುಗಳ ಸಂಕಲನಗಳು ಮತ್ತೆ ಮತ್ತೆ ಹೊರಬಂದವು. 2003ರಲ್ಲಿ ಯುನೆಸ್ಕೋ ಸಂಸ್ಥೆಯು ಅವನ ಮೂಲ ಧ್ವನಿಮುದ್ರಿಕೆಗಳನ್ನು ಜಗತ್ತಿನ ಸ್ಮೃತಿಯ ಪಟ್ಟಿಯಲ್ಲಿ ಸೇರಿಸಿತು. ಅವನು ದಿನದಿನಕ್ಕೆ ಇನ್ನೂ ಚೆನ್ನಾಗಿ ಹಾಡುತ್ತಿರುವನೆಂಬುದು ಆ ದೇಶದ ಜನರ ನಲ್ಮೆಯ ಮಾತು. ತಟ್ಟೆಯಲ್ಲಿಯ ಧ್ವನಿಯು ಬದಲಾಗದು. ಕೇಳುವವರ ಪ್ರೀತಿಯು ಬೆಳೆಯುತ್ತ ಹೋಗುವದು.

ನಮ್ಮ ಮಡಿವಾಳಪ್ಪನವರಿಗೆ ತಟ್ಟೆಯಿರಲಿಲ್ಲ. ಆದರೆ ಗೌಹರ ಜಾನಳು ತನ್ನ ಹೆಸರನ್ನು ಹೇಳುವದಕ್ಕೆ ಎಷ್ಟೋ ಮೊದಲೇ ನಮ್ಮ ಹಾಡುಗಾರರು ಪದದ ಕೊನೆಯಲ್ಲಿ ಅಂಕಿತವನ್ನಿಟ್ಟು ಅದು ಯಾರದೆಂಬುದನ್ನು ಸೂಚಿಸುತ್ತ ಬಂದಿದ್ದರು. ತೊಡಕಿರುವದು ಇಲ್ಲಿಯೇ. ಮಡಿವಾಳಪ್ಪನವರ ಅಂಕಿತದಲ್ಲಿ ಬರುವದು ಅವರ ಹೆಸರಾಗಿರದೆ ಗುರು ಮಹಾಂತನ ಹೆಸರಾಗಿದೆ. ಗುರುವಿನ ಹೆಸರನ್ನು ಮುಂದೆ ನಿಲ್ಲಿಸಿ ತಾನು ಹಿಂದೆ ಸರಿಯುವದು ತತ್ವಪದಕಾರರ ಸಂಪ್ರದಾಯ. ಗುರುವಿನ ಹೆಸರಿನಲ್ಲಿ ಶಿಷ್ಯನು ಹಾಡುವನು, ಶಿಷ್ಯನ ಹಾಡನ್ನು ಗುರುವಿನದೆಂದೇ ಭಜನಾಮೇಳವು ಹಾಡುವದು. ಕಾಲಾಂತರದಲ್ಲಿ ಯಾವುದು ಯಾರದೆಂದು ಬೇರ್ಪಡಿಸುವದು ಹಾಲಿನಲ್ಲಿ ಬೆರೆತ ನೀರನ್ನು ತೆಗೆದಂತಾಗುವದು. ಸಂಗ್ರಹಕಾರನು ಪ್ರಸಿದ್ಧರಾದವರ ಹೆಸರಿಗೆ ಎಲ್ಲವನ್ನೂ ಒಪ್ಪಿಸಿದರೆ ರೇವಪ್ಪನಂಥವರ, ಜಲಾಲಸಾಹೇಬನಂಥವರ ದುಡಿಮೆಯು ಗುರುವಿನ ಲೆಕ್ಕದಲ್ಲಿ ಕರಗಿಹೋಗುವದು.

ಇದೇ ಸೀಮೆಯ ಇನ್ನೊಂದು ಉದಾಹರಣೆಯನ್ನು ಹೋಲಿಸಿ ನೋಡಿದರೆ ವಿಷಯವು ಸ್ಪಷ್ಟವಾಗುವದು. ಹದಿನೇಳನೆಯ ಶತಮಾನದ ಜೇವರ್ಗಿಯ ಷಣ್ಮುಖಸ್ವಾಮಿಗಳು ಅಖಂಡೇಶ್ವರನ ಅಂಕಿತದಲ್ಲಿ ಏಳು ನೂರಕ್ಕೂ ಮಿಕ್ಕ ವಚನಗಳನ್ನು ರಚಿಸಿದರು. ಅವು ಬರೆದಿಟ್ಟ ಪ್ರತಿಗಳಲ್ಲಿ ಉಳಿದುವಾದುದರಿಂದ ಅವುಗಳ ಪಾಠನಿರ್ಣಯಕ್ಕೆ ಆಧಾರವಿದೆ. ಪ್ರತಿಗಳನ್ನು ಹುಡುಕಿ, ಹೋಲಿಸಿ, ಅಚ್ಚುಹಾಕಿಸುವ ಮಾರ್ಗವನ್ನು ವಿಜಯಪುರದ ಫ. ಗು. ಹಳಕಟ್ಟಿಯವರು 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗವನ್ನು ಹೊರತಂದು ನಮಗೆಲ್ಲ ತೋರಿಸಿಕೊಟ್ಟರು. ಆದರೆ ಓಲೆಗರಿಯನ್ನು ಓದುವ ರೀತಿಯಿಂದ ಕಂಠವನ್ನು ಓದಲು ಬರುವದಿಲ್ಲ. ಒಂದೂರಿನ ಮೇಳದಲ್ಲಿ ಐದು ನುಡಿಗಳಿರುವ ಪದವು ಮತ್ತೊಂದೂರಿನಲ್ಲಿ ನಾಲ್ಕೇ ನುಡಿಗಳದಾಗಿರಬಹುದು. ಗಡಿಯ ಮರಾಠಿಯ ಮಾತೋ ಪೇಟೆಯ ಉರ್ದುವಿನ ಮಾತೋ ನಡುವೆ ಬಂದು ಸೇರಿರಬಹುದು. ಅವುಗಳಲ್ಲಿ ಒಂದನ್ನು ಶುದ್ಧವೆಂದು, ಮಿಕ್ಕವನ್ನು ಅಶುದ್ಧವೆಂದು ತೀರ್ಮಾನಿಸುವ ಅಧಿಕಾರವು ಯಾರಿಗಿದೆ?

ಸಂಗ್ರಹಕಾರರ ಉಪಕಾರವನ್ನು ಈ ಲೇಖಕನು ಅಲ್ಲಗಳೆಯುತ್ತಿಲ್ಲ. ಭಜನೆಯ ಮನೆಗಳಲ್ಲಿ ಕೈಬರಹದ ವಹಿಗಳನ್ನು ಬರೆದಿಟ್ಟ ಅಜ್ಞಾತ ಹಾಡುಗಾರರೇ ಮೊದಲ ಸಂಗ್ರಹಕಾರರು. ಆಮೇಲೆ ವಿದ್ವಾಂಸರು ಬಂದರು. ಮೀನಾಕ್ಷಿ ಬಾಳಿಯವರು ಕಲಬುರಗಿ ಜಿಲ್ಲೆಯ ತತ್ವಪದಕಾರರನ್ನು ಕುರಿತು ಸಂಶೋಧನೆಯನ್ನು ನಡೆಸಿ ಮಡಿವಾಳಪ್ಪನವರ ಜೊತೆಗೆ ಅವರ ಶಿಷ್ಯಪರಂಪರೆಯ ಕಡೆಗೂ ನಾಡಿನ ಲಕ್ಷ್ಯವನ್ನು ಸೆಳೆದರು. ಬೆಂಗಳೂರಿನ ಸಂತಕವಿ ಕನಕದಾಸ ಅಧ್ಯಯನ ಮತ್ತು ಸಂಶೋಧನ ಕೇಂದ್ರವು ಕನ್ನಡದ ತತ್ವಪದಗಳನ್ನು ಸಂಪುಟಗಳ ಮಾಲೆಯಾಗಿ ಪ್ರಕಟಿಸಿತು. ಈ ಕಾರ್ಯವು ನಡೆಯದಿದ್ದರೆ ಎಷ್ಟೋ ಪದಗಳು ಅವುಗಳನ್ನು ಬಲ್ಲ ಕೊನೆಯ ಮುದುಕನೊಡನೆ ಮಣ್ಣಾಗುತ್ತಿದ್ದುವು. ಆದರೂ ಪುಸ್ತಕದ ಪುಟವು ಹಿಡಿದಿಡುವದು ಮಾತನ್ನು ಮಾತ್ರ. ಪಲ್ಲವನ್ನು ಎಲ್ಲಿ ಎತ್ತಬೇಕು, ಯಾವ ನುಡಿಗೆ ತಾಳವು ಚುರುಕಾಗಬೇಕು, ಒಗಟಿನಂಥ ಮಾತಿನ ಮುಂದೆ ಎಷ್ಟು ಹೊತ್ತು ತಡೆದು ನಿಲ್ಲಬೇಕು, ಇವನ್ನು ಅಚ್ಚಿನ ಮೊಳೆಯು ಅರಿಯದು.

ಮಾತು ಉಳಿದು ಧಾಟಿಯು ಹೋದರೆ ಏನಾಗುವದೆಂಬುದಕ್ಕೆ ಶಿಶುನಾಳ ಶರೀಫರ ಪದಗಳೇ ನಿದರ್ಶನ. 1819ರಲ್ಲಿ ಹುಟ್ಟಿ 1889ರಲ್ಲಿ ಲಿಂಗೈಕ್ಯರೆನಿಸಿದ ಆ ಮಹನೀಯರ ಪದಗಳು ಇಂದು ಕನ್ನಡನಾಡಿನ ಮನೆಮನೆಯಲ್ಲಿವೆ. ಅದಕ್ಕೆ ಮುಖ್ಯ ಕಾರಣರು ಅವುಗಳಿಗೆ ರಾಗವನ್ನು ಕೂಡಿಸಿ ಹಾಡಿದ ಸಿ. ಅಶ್ವತ್ಥರು, 1990ರಲ್ಲಿ ತೆರೆಗೆ ಬಂದ ಟಿ. ಎಸ್. ನಾಗಾಭರಣರ ಚಲಚ್ಚಿತ್ರದಿಂದ ಅವು ಇನ್ನೂ ದೂರ ಹಬ್ಬಿದುವು. ಆ ಹಾಡುಗಳು ಮಧುರವಾಗಿವೆ, ಜನರನ್ನು ಕವಿಯ ಹತ್ತಿರ ಕರೆತಂದಿವೆ. ಆದರೆ ಇಂದಿನ ತರುಣರಲ್ಲಿ ಅನೇಕರಿಗೆ ಶರೀಫರ ಧಾಟಿಯೆಂದರೆ ಅಶ್ವತ್ಥರ ಧಾಟಿಯೇ. ಶಿಶುನಾಳದ ಸುತ್ತಲಿನ ಮೇಳಗಳಲ್ಲಿ ಅದೇ ಪದಗಳಿಗೆ ಬೇರೆ ನಡೆಯುಂಟೆಂಬುದು ಅವರ ಕಿವಿಗೆ ಬೀಳುವ ಸಂಭವವೇ ಕಡಿಮೆ. ಒಂದು ಜನಪ್ರಿಯ ಧ್ವನಿಸುರುಳಿಯು ನೂರು ಕಂಠಗಳನ್ನು ತನಗರಿಯದಂತೆಯೇ ಮೌನಗೊಳಿಸಬಲ್ಲದು.

ಆದುದರಿಂದ ಮಡಿವಾಳಪ್ಪನವರ ಪದಗಳ ಸಂಗ್ರಹವು ಮುಗಿಯಿತೆಂದು ತಿಳಿಯುವ ಕಾಲವು ಇನ್ನೂ ಬಂದಿಲ್ಲ. ಮೊದಲು, ಪ್ರತಿಯೊಂದು ಪದದ ಜೊತೆಗೆ ಅದನ್ನು ಯಾವ ಊರಿನ ಯಾವ ಮೇಳದಿಂದ, ಯಾವ ವರ್ಷದಲ್ಲಿ ಕೇಳಿ ಬರೆದುಕೊಂಡುದೆಂಬುದನ್ನು ನಮೂದಿಸಬೇಕು. ಪಾಠಾಂತರಗಳನ್ನು ತಿದ್ದಿ ಒಂದಾಗಿಸದೆ ಪಕ್ಕದಲ್ಲಿಯೇ ಇಡಬೇಕು. ಗುರುವಿನದೋ ಶಿಷ್ಯನದೋ ಎಂಬ ಸಂದೇಹವಿದ್ದಲ್ಲಿ ಸಂದೇಹವನ್ನೇ ಬರೆಯಬೇಕು. ಎಲ್ಲಕ್ಕೂ ಮಿಗಿಲಾಗಿ, ಧ್ವನಿಯನ್ನು ಹಿಡಿದಿಡಬೇಕು. ಗೌಹರ ಜಾನಳ ಕಾಲದಲ್ಲಿ ಇದಕ್ಕೆ ಜರ್ಮನಿಯ ಕಾರಖಾನೆಯು ಬೇಕಾಗಿತ್ತು. ಇಂದು ಅಂಗಿಯ ಜೇಬಿನಲ್ಲಿಯ ಮೊಬೈಲ್ ಫೋನೇ ಸಾಕು. ಮೇಳದ ಹಿರಿಯನನ್ನು ಕೂಡಿಸಿ, ಅವನಿಗೆ ಬರುವ ಪದಗಳನ್ನು ಅವನ ಊರಿನ ಧಾಟಿಯಲ್ಲಿಯೇ ಹಾಡಿಸಿ, ಕೊನೆಗೆ ಅವನ ಹೆಸರನ್ನೂ ಊರನ್ನೂ ಅವನ ಬಾಯಿಂದಲೇ ಹೇಳಿಸಿ ಇಟ್ಟುಕೊಳ್ಳುವದಕ್ಕೆ ಯಾವ ಪಾಂಡಿತ್ಯವೂ ಬೇಡ.

ವಾಚಕರಲ್ಲಿ ಅನೇಕರ ಮನೆಗಳಲ್ಲಿ ಹಿರಿಯರು ಬಿಟ್ಟುಹೋದ ಭಜನೆಯ ವಹಿಯು ಪೆಟ್ಟಿಗೆಯ ತಳದಲ್ಲಿರಬಹುದು. ಅದನ್ನು ರದ್ದಿಗೆ ಹಾಕುವ ಮೊದಲು ಒಮ್ಮೆ ಬಿಚ್ಚಿ ನೋಡಿರಿ. ಅದರಲ್ಲಿಯ ಪದಗಳ ಧಾಟಿಯನ್ನು ಬಲ್ಲವರು ಊರಲ್ಲಿ ಯಾರಿರುವರೆಂದು ಕೇಳಿರಿ. ಮಡಿವಾಳಪ್ಪನವರು ತಮ್ಮ ಹೆಸರನ್ನು ಹಿಂದಿಟ್ಟು ಗುರುವಿನ ಹೆಸರನ್ನು ಮುಂದಿಟ್ಟರು. ಅವರ ಪದಗಳನ್ನು ಒಂದೂವರೆ ಶತಮಾನಕ್ಕೂ ಮಿಕ್ಕಿ ಹೊತ್ತು ತಂದ ಹೆಸರಿಲ್ಲದ ಕಂಠಗಳಿಗೆ ಈಗಲಾದರೂ ಹೆಸರು ಸಲ್ಲಬೇಕು. ಮುಂದಿನ ಅಮವಾಸ್ಯೆಯ ರಾತ್ರಿ ಗುಡಿಯಲ್ಲಿ ಏಕತಾರಿಯ ದನಿ ಕೇಳಿದರೆ, ಆ ಮುದುಕರ ನಡುವೆ ಹೋಗಿ ಕುಳಿತುಕೊಳ್ಳಿರಿ. ಪಲ್ಲವನ್ನು ತಿರುಗಿ ಹಾಡುವವರ ಸಂಖ್ಯೆಯು ಒಂದರಿಂದಲಾದರೂ ಹೆಚ್ಚಲಿ.