ಬಳಲಿದ ಹೃದಯಕ್ಕೆ ಮದ್ದು: ಚಾಟಿಯಿಂದ ವಿಶ್ರಾಂತಿಯೆಡೆಗೆ

ಚಿಂತಾಮಣಿ ತಾಲ್ಲೂಕಿನ ಮುರುಗಮಲ್ಲದ ದರ್ಗಾಕ್ಕೆ ನೀವು ಹೋಗಿರಬಹುದು. ನಮ್ಮ ಊರುಗಳ ಬೇಲಿಗಳಲ್ಲಿ ಬೆಳೆಯುವ ಹಳದಿ ಕಣಗಿಲೆಯನ್ನಂತೂ ನೋಡಿಯೇ ಇರುತ್ತೀರಿ. ಆಡು ಮುಟ್ಟದ ಸೊಪ್ಪಿಲ್ಲ ಎನ್ನುತ್ತಾರೆ. ಆದರೆ ದನ, ಆಡುಗಳು ಮೇಯುವುದಿಲ್ಲವೆಂದೇ ಈ ಗಿಡವನ್ನು ಬೇಲಿಗೆ ನೆಡುತ್ತಾರೆ. ಅದರ ಬೀಜ, ಎಲೆ, ಹಾಲು ಎಲ್ಲವೂ ವಿಷ. ಅಚ್ಚರಿಯೆಂದರೆ, ಇದೇ ಗಿಡದಿಂದ ದೊರೆತ ಪೆರುವೊಸೈಡ್ ಎಂಬ ಸಂಯುಕ್ತವನ್ನು 1960ರ ದಶಕದಲ್ಲಿ ಭಾರತದ ಸಂಶೋಧಕರು ಹೃದಯ ವೈಫಲ್ಯದ ರೋಗಿಗಳಲ್ಲಿ ಪರೀಕ್ಷಿಸಿದರು.

ಹೃದಯ ವೈಫಲ್ಯವೆಂದರೆ ಹೃದಯ ನಿಂತುಹೋಗುವುದಲ್ಲ. ವಿಶ್ರಾಂತಿಯಲ್ಲಿ ನಿಮಿಷಕ್ಕೆ ಸುಮಾರು 5 ಲೀಟರ್ ರಕ್ತವನ್ನು ತಳ್ಳಬೇಕಾದ ಪಂಪು ದೇಹದ ಬೇಡಿಕೆಯನ್ನು ಪೂರೈಸಲಾರದ ಸ್ಥಿತಿ ಅದು. ಆಗ ಕಾಲು ಊದುತ್ತದೆ, ನಾಲ್ಕು ಹೆಜ್ಜೆಗೇ ಏದುಸಿರು ಬರುತ್ತದೆ.

ಈ ಊತಕ್ಕೆ ಹಳ್ಳಿಯ ಮುದುಕಿಯೊಬ್ಬಳು ಕೊಡುತ್ತಿದ್ದ ಗಿಡಮೂಲಿಕೆಯ ಸುದ್ದಿ 1775ರಲ್ಲಿ ಇಂಗ್ಲೆಂಡಿನ ವೈದ್ಯ ವಿಲಿಯಂ ವಿದರಿಂಗ್ ಕಿವಿಗೆ ಬಿತ್ತು. ಹಲವು ಮೂಲಿಕೆಗಳ ಆ ಮಿಶ್ರಣದಲ್ಲಿ ಕೆಲಸ ಮಾಡುತ್ತಿದ್ದುದು ಫಾಕ್ಸ್‌ಗ್ಲೋವ್ ಎಂದು ಆತ ಗುರುತಿಸಿದ. ಹತ್ತು ವರ್ಷ ರೋಗಿಗಳನ್ನು ಗಮನಿಸಿ, ಸೋತ ಪ್ರಸಂಗಗಳನ್ನೂ ಮುಚ್ಚಿಡದೆ, 1785ರಲ್ಲಿ ಪುಸ್ತಕ ಪ್ರಕಟಿಸಿದ. 1930ರಲ್ಲಿ ಆ ಕುಲದ ಮತ್ತೊಂದು ಗಿಡದಿಂದ ಡಿಗಾಕ್ಸಿನ್ ಬೇರ್ಪಟ್ಟಿತು.

ಕಣಗಿಲೆಯೂ ಡಿಗಾಕ್ಸಿನ್ನೂ ಕೆಲಸ ಮಾಡುವ ಬಗೆ ಒಂದೇ. ಜೀವಕೋಶದಿಂದ ಸೋಡಿಯಂ ಹೊರಹಾಕುವ ಪ್ರೋಟೀನನ್ನು ಡೆನ್ಮಾರ್ಕಿನ ಯೆನ್ಸ್ ಸ್ಕೌ 1957ರಲ್ಲಿ ವರದಿ ಮಾಡಿದರು. 1997ರಲ್ಲಿ ಅವರಿಗೆ ನೊಬೆಲ್ ಬಹುಮಾನ ಬಂತು. ಈ ಸಂಯುಕ್ತಗಳು ಅದನ್ನೇ ತಡೆಯುತ್ತವೆ. ಒಳಗೆ ಸೋಡಿಯಂ ಹೆಚ್ಚಿದಾಗ ಕ್ಯಾಲ್ಸಿಯಂ ಹೊರಹೋಗುವುದು ಕಡಿಮೆಯಾಗಿ, ಸ್ನಾಯು ಬಿಗಿಯಾಗಿ ಸಂಕುಚಿಸುತ್ತದೆ. ಪ್ರಮಾಣ ಸ್ವಲ್ಪ ಮೀರಿದರೂ ಬಡಿತದ ಲಯ ತಪ್ಪುತ್ತದೆ. ಮದ್ದಿಗೂ ವಿಷಕ್ಕೂ ಇಲ್ಲಿ ಅಂತರ ಬಲು ಕಿರಿದು. ಆದ್ದರಿಂದ ಬೇಲಿಯ ಗಿಡವನ್ನು ಯಾರೂ ಮದ್ದೆಂದು ಬಳಸಬಾರದು.

ಹಾಗಾದರೆ ಡಿಗಾಕ್ಸಿನ್ ಆಯುಸ್ಸನ್ನು ಹೆಚ್ಚಿಸಿತೇ? ಸುಮಾರು 6,800 ರೋಗಿಗಳ ಅಧ್ಯಯನ 1997ರಲ್ಲಿ ಉತ್ತರ ಕೊಟ್ಟಿತು: ಆಸ್ಪತ್ರೆ ಸೇರುವುದು ಕಡಿಮೆಯಾಯಿತು, ಸಾವು ಕಡಿಮೆಯಾಗಲಿಲ್ಲ. ಬಳಲಿದ ಎತ್ತಿಗೆ ಚಾಟಿ ಬೀಸಿದರೆ ಗಾಡಿ ಚಲಿಸೀತು, ಎತ್ತಿನ ಬಳಲಿಕೆ ನೀಗದು.

ನಿಜವಾದ ತೊಂದರೆ ದೇಹದ ಪ್ರತಿಕ್ರಿಯೆಯಲ್ಲಿತ್ತು. ರಕ್ತ ಸಾಲದೆಂದು ಮೂತ್ರಪಿಂಡ ಉಪ್ಪು, ನೀರನ್ನು ಹಿಡಿದಿಡುತ್ತದೆ, ರಕ್ತನಾಳಗಳು ಕಿರಿದಾಗುತ್ತವೆ, ಬಡಿತ ಏರುತ್ತದೆ. ಹೊರೆ ಹೆಚ್ಚಿ ಹೃದಯ ಹಿಗ್ಗುತ್ತದೆ. ನೀವು ಭೌತಶಾಸ್ತ್ರದಲ್ಲಿ ಓದಿದ ಲಾಪ್ಲಾಸ್ ನಿಯಮವನ್ನು ನೆನೆಯಿರಿ: ಒತ್ತಡ ಅಷ್ಟೇ ಇದ್ದರೂ ತ್ರಿಜ್ಯ ಹೆಚ್ಚಿದಂತೆ ಗೋಡೆಯ ಮೇಲಿನ ಎಳೆತ ಹೆಚ್ಚುತ್ತದೆ. ಹಿಗ್ಗಿದ ಹೃದಯ ಇನ್ನಷ್ಟು ದಣಿಯುತ್ತದೆ.

ಈ ವಿಷವರ್ತುಲವನ್ನು ಮುರಿಯುವ ಮದ್ದುಗಳೇ ಆಯುಸ್ಸನ್ನು ಹೆಚ್ಚಿಸಿದವು. ಬ್ರೆಜಿಲ್‌ನ ಹಾವಿನ ವಿಷದ ಅಧ್ಯಯನದಿಂದ ಕ್ಯಾಪ್ಟೋಪ್ರಿಲ್ ಬಂತು. ಅದರ ಸಂಬಂಧಿ ಎನಲಾಪ್ರಿಲ್, 1987ರ ಅಧ್ಯಯನದಲ್ಲಿ, ತೀವ್ರ ರೋಗಿಗಳ ಆರು ತಿಂಗಳ ಸಾವನ್ನು ಶೇ. 44ರಿಂದ 26ಕ್ಕೆ ಇಳಿಸಿತು. ಬಡಿತ ತಗ್ಗಿಸುವ ಬೀಟಾ ತಡೆಕಗಳನ್ನು ಸೋತ ಹೃದಯಕ್ಕೆ ಕೊಡಬಾರದೆಂಬ ನಂಬಿಕೆಯಿತ್ತು. 1975ರಲ್ಲಿ ಸ್ವೀಡನ್ನಿನ ವೈದ್ಯರು ಏಳು ರೋಗಿಗಳಿಗೆ ಕೊಟ್ಟು ಸುಧಾರಣೆ ಕಂಡರು; 1999ರ ದೊಡ್ಡ ಅಧ್ಯಯನಗಳು ಅವರ ಪರ ನಿಂತವು. ಅದೇ ವರ್ಷ ಸ್ಪೈರೊನೊಲ್ಯಾಕ್ಟೋನ್ ಗೆದ್ದಿತು. 2019ರಲ್ಲಿ ಮಧುಮೇಹದ ಗುಳಿಗೆ ಡಾಪಾಗ್ಲಿಫ್ಲೋಜಿನ್ ಈ ಸಾಲಿಗೆ ಸೇರಿತು.

ಊತ ಇಳಿದೊಡನೆ ಗುಳಿಗೆ ನಿಲ್ಲಿಸುವವರು ನಮ್ಮ ನಡುವೆ ಹಲವರಿದ್ದಾರೆ. ಚೇತರಿಸಿಕೊಂಡವರಲ್ಲಿ ಔಷಧಿ ಹಿಂತೆಗೆದಾಗ ಆರೇ ತಿಂಗಳಲ್ಲಿ ಶೇ. 40ಕ್ಕೂ ಹೆಚ್ಚು ಮಂದಿಗೆ ರೋಗ ಮರುಕಳಿಸಿದ್ದನ್ನು 2019ರಲ್ಲಿ 'ಲ್ಯಾನ್ಸೆಟ್' ಪತ್ರಿಕೆ ಪ್ರಕಟಿಸಿತು. ಊತ ಇಳಿಯುವುದು ಕಣ್ಣಿಗೆ ಕಾಣುತ್ತದೆ. ಹೊರೆ ಇಳಿದ ಹೃದಯದ ನೆಮ್ಮದಿ ಕಾಣದು. ನಿಮ್ಮ ಮನೆಯ ಹಿರಿಯರಿಗೆ ಈ ಮಾತನ್ನು ತಿಳಿಸಿ ಹೇಳಿ.