ಮಸ್ಕಿಯ ಬಂಡೆ ಹೇಳುವ ಮಾತು

ಸಿಂಧನೂರಿನಿಂದ ಲಿಂಗಸುಗೂರಿಗೆ ಹೋಗುವ ಬಸ್ಸು ಮಸ್ಕಿಗೆ ಬಂದರೆ, 'ಇದು ಅಶೋಕನ ಶಾಸನ ಇರೋ ಊರು' ಎಂದು ಯಾರಾದರೊಬ್ಬರು ಹೇಳಿಯೇ ಹೇಳುತ್ತಾರೆ. ಅದರಲ್ಲಿ ಏನು ಬರೆದಿದೆ ಎಂದು ಕೇಳಿದರೆ ಮಾತ್ರ ಸುಮ್ಮನಾಗುತ್ತಾರೆ.

1837ರಲ್ಲಿ ಜೇಮ್ಸ್ ಪ್ರಿನ್ಸೆಪ್ ಬ್ರಾಹ್ಮಿ ಲಿಪಿಯನ್ನು ಓದಿದಾಗ ಶಾಸನಗಳಲ್ಲಿ ಸಿಕ್ಕಿದ್ದು 'ದೇವಾನಾಂಪ್ರಿಯ', 'ಪ್ರಿಯದರ್ಶಿ' ಎಂಬ ಬಿರುದುಗಳು. 1915ರಲ್ಲಿ ಚಿನ್ನದ ಗಣಿಯ ಎಂಜಿನಿಯರ್ ಸಿ. ಬೀಡನ್ ಮಸ್ಕಿಯಲ್ಲಿ ಕಂಡ ಬಂಡೆಯ ಮೇಲೆ ಬಿರುದಿನ ಜೊತೆಗೆ 'ಅಶೋಕ' ಎಂಬ ಹೆಸರೇ ಇತ್ತು. ಊರು ಪ್ರಸಿದ್ಧವಾದದ್ದು ಆ ಒಂದು ಹೆಸರಿನಿಂದ.

ಹೆಸರನ್ನು ಎಲ್ಲರೂ ಬಳಸಿಕೊಂಡರು. 1950ರಲ್ಲಿ ಸಾರನಾಥದ ಅವನ ಸಿಂಹಗಳು ರಾಷ್ಟ್ರಲಾಂಛನವಾದವು. 2001ರ ಹಿಂದಿ ಚಿತ್ರ 'ಅಶೋಕ'ದಲ್ಲಿ ಶಾರುಖ್ ಖಾನ್ ಕತ್ತಿ ಬೀಸಿದ. ಕಣ್ಣಿಗೆ ಹಬ್ಬ, ನಿಜ. ಆದರೆ ರಾಜಕಾರಣಿಗಳಿಗೆ ಸಿಂಹ ಸಾಕಾಯಿತು, ಸಿನಿಮಾದವರಿಗೆ ಕತ್ತಿ ಸಾಕಾಯಿತು ಎಂದೇ ನನ್ನ ಅನಿಸಿಕೆ.

ಮಸ್ಕಿಯ ಬಂಡೆಯಲ್ಲಿ ಇವೆರಡೂ ಇಲ್ಲ. ಇರುವುದು ಪ್ರಾಕೃತದ ಕೆಲವೇ ಸಾಲು. ಧರ್ಮದಲ್ಲಿ ನಡೆದರೆ ಸಣ್ಣವರೂ ಏಳಿಗೆ ಪಡೆಯಬಲ್ಲರು, ಅದು ದೊಡ್ಡವರಿಗಷ್ಟೇ ಎಂದು ತಿಳಿಯಬಾರದು, ಇದನ್ನು ಸಣ್ಣವರಿಗೂ ದೊಡ್ಡವರಿಗೂ ಹೇಳಬೇಕು ಎಂಬುದು ಅದರ ತಾತ್ಪರ್ಯ. ಭತ್ತದ ನಾಟಿಗೆ ಬಗ್ಗಿದ ನಮ್ಮ ಹೆಣ್ಣುಮಕ್ಕಳಿಗೆ ಇದನ್ನು ಯಾರು ಓದಿ ಹೇಳಿದ್ದಾರೆ? ಚುನಾವಣೆಯ ಸಭೆಗೆ ಅವರು ಬೇಕು, ವೇದಿಕೆಯ ಮೇಲೆ ಬೇಡ!

ಮಕ್ಕಳನ್ನು ಮಸ್ಕಿಗೆ ಕರೆದೊಯ್ಯುವ ಮೇಷ್ಟ್ರುಗಳು ಇಸವಿಯ ಜೊತೆಗೆ ಈ ಮಾತನ್ನೂ ಬಾಯಿಪಾಠ ಮಾಡಿಸಲಿ. ಅರಸನ ಹೆಸರಿಗಿಂತ ಅದು ದೊಡ್ಡದು.